ರೋಗಿಯ ಅಭಿಪ್ರಾಯ

ಫೆಬ್ರವರಿ 6, ಗುರುವಾರ

ನಲವತ್ತೊಂದು ಮೆಸೇಜು ಬಂದಿದ್ದವು. ಹದಿನಾಲ್ಕನ್ನು ಪುಟಕ್ಕೆ ಹಾಕಿದೆ.

ಹತ್ತೊಂಬತ್ತು ವರ್ಷದಿಂದ ಇದೇ ಕೆಲಸ. ನಮ್ಮ ಪತ್ರಿಕೆ ವಾರಕ್ಕೆ ಮೂರು ದಿನ ಬರುತ್ತದೆ. ಊರಿನವರು ಮೊದಲು ತೀರಿಕೊಂಡವರ ಹೆಸರು ಓದುತ್ತಾರೆ, ಆಮೇಲೆ ನನ್ನ ಪುಟ. ಯಾರು ಬೇಕಾದರೂ ಫೋನಿನಿಂದ ನಾಲ್ಕು ಸಾಲು ಕಳಿಸಬಹುದು, ಹೆಸರು ಬೇಕಿಲ್ಲ. ಇವತ್ತಿನವುಗಳಲ್ಲಿ ಮೂರು:

‘ಹಿಮ ಬಳಿಯೋ ಗಾಡಿ ಬೀದೀದೆಲ್ಲ ತಂದು ನನ್ನ ಗೇಟಿನ ಮುಂದೇನೇ ಸುರಿಯುತ್ತೆ. ಪುರಸಭೆ ಅಧ್ಯಕ್ಷರ ಗೇಟಿಗೆ ಯಾಕೋ ದಾರಿ ಗೊತ್ತಿಲ್ಲ ಅದಕ್ಕೆ.’

‘ಬ್ಯಾಂಕಿಗೆ ಹೋದ್ರೆ ಆ್ಯಪಿನಲ್ಲಿ ಮಾಡ್ಕೊಳ್ಳಿ ಅಂತಾರೆ. ಆ್ಯಪು ಬ್ಯಾಂಕಿಗೇ ಹೋಗಿ ಅನ್ನುತ್ತೆ. ಸದ್ಯಕ್ಕೆ ನಾನು ಕಾರ್ ನಿಲ್ಲಿಸೋ ಜಾಗದಲ್ಲಿ ಕೂತಿದ್ದೀನಿ.’

‘ಎಲೆಕ್ಟ್ರಿಕ್ ಸ್ಕೂಟರಿಗೆ ಕಾನೂನು ಬೇಕು. ನಾಯಿಗೂ ಬೇಕು. ನಾಯಿ ಸಾಕಿದವರಿಗೆ ಮೊದಲು ಬೇಕು.’

ಸಿಟ್ಟಿನವನ್ನು ತೆಗೆದುಹಾಕುತ್ತೇನೆ. ತೆಗೆಯಲಾಗದಿದ್ದರೆ ಮೊಂಡು ಮಾಡುತ್ತೇನೆ. ನನಗೆ ಯಾವುದರ ಬಗ್ಗೆಯೂ ಅಭಿಪ್ರಾಯವಿಲ್ಲ. ಅದು ಈ ಕೆಲಸಕ್ಕೆ ಅನುಕೂಲ.

ಆರು ಗಂಟೆಗೆ ಆಸ್ಪತ್ರೆಯ ವಾರ್ಡಿಗೆ ಹೋದೆ. ಗುರುವಾರವಾದ್ದರಿಂದ ಬಟಾಣಿ ಸೂಪು. ನನ್ನ ಗಂಡ ತೌನೊ ಎಡಗೈಯಲ್ಲಿ ಅರ್ಧ ಬಟ್ಟಲು ಕುಡಿದ. ನವೆಂಬರಿನಲ್ಲಿ ಸ್ಟ್ರೋಕ್ ಆದಾಗಿನಿಂದ ಬಲಗೈ ಏಳುವುದಿಲ್ಲ, ಮಾತಿಲ್ಲ. ಒಂದೇ ಒಂದು ಮಾತು ಉಳಿದಿದೆ, ‘ಹೌದು’. ಸೂಪು ಬಿಸಿ ಇದೆಯಾ? ಹೌದು. ಚಳಿಯಾ? ಹೌದು. ನಾನು ಹೊರಡಲಾ? ಹೌದು.

ದಿನಾ ಏನಾದರೂ ಬರೆಯಿರಿ, ಒಳ್ಳೆಯದಾಗುತ್ತದೆ ಎಂದು ನರ್ಸ್ ಈ ಪುಸ್ತಕ ಕೊಟ್ಟಳು. ಏನು ಒಳ್ಳೆಯದಾಗುತ್ತದೆ ಎಂದು ಕೇಳಲಿಲ್ಲ.

ಫೆಬ್ರವರಿ 10, ಸೋಮವಾರ

ಮೂವತ್ತಮೂರು ಮೆಸೇಜು. ಕೆಲಸ ಮಾಡಿದೆ. ವಾರ್ಡಿಗೆ ಹೋದೆ. ಮನೆಗೆ ಬಂದೆ. ಆಲೂಗಡ್ಡೆ ಬೇಯಿಸಿ ತಿನ್ನಲು ಮರೆತೆ.

ಫೆಬ್ರವರಿ 19, ಬುಧವಾರ

ಮೇ ತಿಂಗಳಲ್ಲಿ ಈ ವಾರ್ಡು ಮುಚ್ಚುತ್ತಾರೆ. ಅದು ಊರಿಗೆಲ್ಲ ಗೊತ್ತಿರುವುದೇ, ನನ್ನ ಪುಟದಲ್ಲೂ ಎರಡು ವಾರ ಅದೇ ಗಲಾಟೆ. ಇವತ್ತು ತೌನೊನ ವಿಚಾರಣೆ. ರೋಗಿಯನ್ನು ಎಲ್ಲಿಗಾದರೂ ಕಳಿಸುವ ಮುಂಚೆ ಅವನ ಅಭಿಪ್ರಾಯ ಕೇಳಬೇಕೆಂಬ ಕಾನೂನಿದೆಯಂತೆ.

ಕೇಳುವವರು ಬರಲಿಲ್ಲ, ಪರದೆಯಲ್ಲಿ ಬಂದರು. ನರ್ಸ್ ಟ್ಯಾಬ್ಲೆಟ್ಟನ್ನು ಊಟದ ಹಲಗೆಯ ಮೇಲೆ ಒರಗಿಸಿಟ್ಟಳು. ಅದರೊಳಗೆ ಸೇವಾ ಅಧಿಕಾರಿ ಲೆಪ್ಪಾನೆನ್, ಐವತ್ತರ ಸುಮಾರಿನ ಹೆಂಗಸು, ನೆಗಡಿಯಾಗಿತ್ತು.

“ನಮಸ್ಕಾರ ತೌನೊ ಅವರೇ. ನಾವು ಮಾತಾಡೋದನ್ನ ಯಂತ್ರಾನೇ ಬರ್ಕೊಳ್ಳುತ್ತೆ, ಪರವಾಗಿಲ್ವಾ?”

“ಹೌದು,” ಎಂದ ತೌನೊ.

“ರಾಂತಲದ ಆರೈಕೆ ಮನೇಲಿ ಒಂದು ಜಾಗ ಇದೆ. ಸಮುದ್ರದ ಪಕ್ಕ, ಚೆನ್ನಾಗಿದೆ. ಇಲ್ಲಿಂದ ನೂರ ಹತ್ತು ಕಿಲೋಮೀಟರು. ಹೋಗೋಕೆ ನಿಮ್ಮ ಒಪ್ಪಿಗೆ ಇದೆಯಾ?”

“ಹೌದು.”

“ಒತ್ತಾಯ ಏನಿಲ್ಲ ತಾನೇ?”

“ಹೌದು.”

ಲೆಪ್ಪಾನೆನ್ ಸೀನಿದರು. “ಅಂದ್ರೆ ಒತ್ತಾಯ ಇಲ್ಲ ಅಂತ. ಸರಿ. ಹೆಂಡತಿ ಏನಾದ್ರೂ ಹೇಳೋದಿದೆಯಾ?”

ನಾನು ಇಲ್ಲ ಎಂದೆ. ಹನ್ನೆರಡು ನಿಮಿಷದಲ್ಲಿ ಮುಗಿಯಿತು.

ಇದನ್ನು ಇಲ್ಲಿ ಮಾತ್ರ ಬರೆಯುತ್ತೇನೆ. ಸಹಾಯ ಸಿಕ್ಕರೆ ಮನೆಗೂ ಕರೆದುಕೊಂಡು ಹೋಗಬಹುದು ಎಂದು ಡಾಕ್ಟರು ಜನವರಿಯಲ್ಲಿ ಹೇಳಿದ್ದರು. ಮನೆ ಎಂದರೆ ಅವನನ್ನು ಎಬ್ಬಿಸುವುದು, ಕೂರಿಸುವುದು, ತೊಳೆಯುವುದು, ಮತ್ತು ಇಡೀ ದಿನ ಅದೇ ‘ಹೌದು’. ಪರದೆ ಆರಿದಾಗ ನನಗೆ ಹಗುರವಾಯಿತು. ಬರುವ ದಾರಿಯಲ್ಲಿ ಅಂಗಡಿಗೆ ಹೋಗಿ ಹಾಲು ತಂದೆ.

ಮಾರ್ಚ್ 4, ಮಂಗಳವಾರ

ನಲವತ್ತು ದಿನದ ಉಪವಾಸ ಶುರುವಾಗುವ ಮುಂಚಿನ ಮಂಗಳವಾರ, ಊರೆಲ್ಲ ಕೆನೆ ಬನ್ನು ತಿನ್ನುವ ದಿನ. ಕೆನೆ ತುಂಬಿದ ಬನ್ನು ಎರಡು ಕೊಂಡುಹೋದೆ. ತೌನೊನ ಬಾಯಿಯ ಬಲಗಡೆ ಕೆನೆ ಉಳಿದದ್ದು ಅವನಿಗೆ ಗೊತ್ತಾಗಲಿಲ್ಲ, ಒರೆಸಿದೆ.

ಹೇಳಲು ಏನೂ ಇರಲಿಲ್ಲ. ಚೀಲದಲ್ಲಿ ನಾಳೆಯ ಪುಟದ ಹಾಳೆಯಿತ್ತು, ಅದನ್ನೇ ಓದಿದೆ. ಮುಂಚೆ ಬೆಳಿಗ್ಗೆ ಕಾಫಿ ಹೊತ್ತಿಗೆ ಓದುತ್ತಿದ್ದವನು ಅವನು. ಓದುವುದಲ್ಲ, ಚಮಚ ಹಿಡಿದು ಒಬ್ಬೊಬ್ಬರ ಜೊತೆಗೂ ಜಗಳ. ಮೂವತ್ತೊಂದು ವರ್ಷ ಬಸ್ ಓಡಿಸಿದವನಿಗೆ ಊರಿನಲ್ಲಿ ಪ್ರತಿಯೊಂದರ ಬಗ್ಗೆಯೂ ಹೇಳುವುದಿತ್ತು. ನನಗೆ ತಲೆನೋವು ಬರುತ್ತಿತ್ತು.

ಓದಿದೆ: “‘ಸೂಪರ್‌ಮಾರ್ಕೆಟ್ಟಿನಲ್ಲಿ ನಾವೇ ಬಿಲ್ ಮಾಡ್ಕೊಳ್ಳೋ ಯಂತ್ರ ಇಟ್ಟಿದ್ದು ಒಳ್ಳೇದಾಯ್ತು. ಕೌಂಟರಿನವರ ಹರಟೆ ತಪ್ಪಿತು.’”

“ಹೌದು,” ಎಂದ.

ಆ ಯಂತ್ರ ಬಂದ ವಾರ ಇವನು ಮ್ಯಾನೇಜರನ್ನು ಕರೆಸಿ, “ನಾನು ಬಸ್ ಓಡಿಸ್ತೀನಿ ಕಣಯ್ಯಾ, ಪ್ರಯಾಣಿಕರ ಕೈಗೆ ಸ್ಟೇರಿಂಗ್ ಕೊಡಲ್ಲ” ಎಂದಿದ್ದ. ಆಮೇಲೆ ಒಂದು ದಿನವೂ ಅದನ್ನು ಮುಟ್ಟಲಿಲ್ಲ, ಎಷ್ಟು ಉದ್ದ ಸಾಲಿದ್ದರೂ ಮನುಷ್ಯರಿರುವ ಕೌಂಟರಿನಲ್ಲೇ ನಿಲ್ಲುತ್ತಿದ್ದ.

ಅದರ ಕೆಳಗಿನದನ್ನು ಓದಿದೆ: “‘ಆ ಯಂತ್ರಗಳನ್ನ ತೆಗೆದು ಕೆರೆಗೆ ಬಿಸಾಕಿ.’”

“ಹೌದು.”

ಅವನ ಎಡಗೈ ಮಂಚದ ಕಂಬಿಗೆ ತಗುಲಿತು. ತಗುಲಿತೋ ಬಡಿದನೋ, ನೋಡುತ್ತಿರಲಿಲ್ಲ. ಎರಡನೆಯ ಬನ್ನು ಬೇಕಾ ಎಂದು ಕೇಳಿದೆ. ಹೌದು ಎಂದ. ಕೊಟ್ಟೆ, ತಿನ್ನಲಿಲ್ಲ.

ಮಾರ್ಚ್ 12, ಬುಧವಾರ

ಬೆಳಿಗ್ಗೆ ಒಂಬತ್ತಕ್ಕೆ ಹಿಲ್ಕಾ ಫೋನು. ದಿನಾ ಒಂಬತ್ತಕ್ಕೆ ಹಿಲ್ಕಾ ಫೋನು. ಎಂಬತ್ತೆರಡು ವರ್ಷ, ಮೊದಲು ಕೋರ್ಟಿನಲ್ಲಿ ಟೈಪಿಸ್ಟ್ ಆಗಿದ್ದಳು. ತನ್ನ ಮೆಸೇಜು ಯಾಕೆ ಬಂದಿಲ್ಲ ಎಂದು ಕೇಳುತ್ತಾಳೆ. ಅವಳನ್ನು ನಾನು ಕಣ್ಣಾರೆ ನೋಡಿಲ್ಲ.

“ಏನಮ್ಮಾ, ನನ್ನ ನಾಲ್ಕು ಸಾಲಿನಲ್ಲಿ ಒಂದೂವರೆ ಮಾತ್ರ ಹಾಕಿದ್ದೀಯ. ಬಾಕಿ ಎರಡೂವರೆ ಬೆಕ್ಕು ತಿಂದು ಹೋಯ್ತಾ?”

“ಪುರಸಭೆಯವರನ್ನ ನೀವು ಮಂಗಗಳು ಅಂದಿದ್ರಿ.”

“ಮಂಗಕ್ಕೆ ಬೇಜಾರಾದ್ರೆ ಅದೇ ಬಂದು ಕೇಳಲಿ. ವಾರ್ಡು ಮುಚ್ತಾರಂತೆ, ಒಳಗಿರೋರೆಲ್ಲ ಒಪ್ಪಿದ್ದಾರಂತೆ! ಯಾರನ್ನ ಕೇಳಿದ್ರಂತೆ?”

“ನನ್ನ ಗಂಡನ್ನ ಕೇಳಿದ್ರು,” ಎಂದೆ. ಯಾಕೆ ಹೇಳಿದೆನೋ. “ಹೌದು ಅಂದ. ಅವನಿಗೆ ಬರೋದೇ ಅದೊಂದು ಮಾತು.”

ಆ ಕಡೆ ಲೋಟ ಕುಕ್ಕಿದ ಸದ್ದಾಯಿತು.

“ಅವರು ಕೇಳುವಾಗ ನೀನು ಅಲ್ಲೇ ಇದ್ಯಾ?”

“ಇದ್ದೆ.”

“ಇದ್ದು ಸುಮ್ನೆ ಕೂತಿದ್ಯಾ? ಅದು ಒಪ್ಪಿಗೆ ಅಲ್ಲ ಮಾರಾಯ್ತಿ, ಬಾಯಿಂದ ಬಂದ ಗಾಳಿ. ನೀನು ಕುದುರೇನಾ ಅಂತ ಕೇಳು, ಹೌದು ಅಂತಾನೆ. ಹಾಗಂತ ಹುಲ್ಲು ಹಾಕ್ತಾರಾ? ಆದೇಶದ ಕಾಗದ ಬಂದಾಗ ಕೊನೇ ಪುಟ ಓದು. ತಿದ್ದುಪಡಿ ಕೇಳೋದು ಹೇಗೆ ಅಂತ ಅಲ್ಲಿರುತ್ತೆ. ನಾನು ಅಂಥವು ಸಾವಿರ ಟೈಪ್ ಮಾಡಿದ್ದೀನಿ.”

ನೋಡ್ತೀನಿ ಎಂದೆ. ಅವಳ ಒಂದೂವರೆ ಸಾಲು ಹಾಗೆಯೇ ಬಿಟ್ಟೆ.

ಮಾರ್ಚ್ 20, ಗುರುವಾರ

ಆದೇಶ ಬಂತು. ‘ರೋಗಿಯ ಅಭಿಪ್ರಾಯ: ಒಪ್ಪಿಗೆ ಇದೆ. ಸಂಬಂಧಿಕರ ಅಭಿಪ್ರಾಯ: ಏನೂ ಇಲ್ಲ.’ ಕೊನೆಯ ಪುಟ ಓದಿದೆ. ಪಾತ್ರೆ ಒರೆಸುವ ಬಟ್ಟೆಗಳ ಕೆಳಗೆ ಇಟ್ಟೆ.

ಮಾರ್ಚ್ 27, ಗುರುವಾರ

ಮಿಂತ್ತು ಕರೆದಳು. ನಮ್ಮ ಸಂಪಾದಕಿ, ಮೂವತ್ತನಾಲ್ಕು ವರ್ಷ, ನಡೆಯುವುದಕ್ಕಿಂತ ಓಡುವುದೇ ಜಾಸ್ತಿ. ಕಂಪ್ಯೂಟರಿನಲ್ಲಿ ಹೊಸ ಪ್ರೋಗ್ರಾಂ ತೋರಿಸಿದಳು. ಮೆಸೇಜುಗಳನ್ನು ಅದೇ ಆರಿಸುತ್ತದೆಯಂತೆ.

“ಐಲಾ, ಇದು ನಿಮ್ಮ ಹತ್ತೊಂಬತ್ತು ವರ್ಷದ ಪುಟ ಪೂರ್ತಿ ಓದಿ ಕಲಿತಿದೆ. ನೀವು ಏನು ತೆಗೀತಿದ್ರೋ ಅದನ್ನೇ ತೆಗೆಯುತ್ತೆ. ನೀವು ಒಂದು ಸಲ ನೋಡಿ ಒಪ್ಪಿದ್ರೆ ಸಾಕು.”

ಇವತ್ತಿನ ಮೂವತ್ತೆಂಟರಲ್ಲಿ ಅದು ಒಂಬತ್ತನ್ನು ಉಳಿಸಿತ್ತು. ಹಕ್ಕಿಗಳು ಮರಳಿ ಬಂದಿವೆ. ಗ್ರಂಥಾಲಯದವರಿಗೆ ಧನ್ಯವಾದ. ಈಜುಕೊಳದ ನೀರು ಹಿತವಾಗಿದೆ. ಕರೆಂಟಿನ ದರ, ಬೀಗ ಹಾಕಿದ ಅಂಚೆ ಕಚೇರಿ, ವಾರ್ಡು, ಯಾವುದೂ ಇರಲಿಲ್ಲ. ಯಾರೂ ವಾಸವಿಲ್ಲದ ಊರಿನ ಪುಟದ ಹಾಗಿತ್ತು.

“ಹೇಗಿದೆ?” ಎಂದಳು.

“ನನ್ನ ಹಾಗೇ ಇದೆ,” ಎಂದೆ.

ಅವಳು ಹೊಗಳಿಕೆ ಎಂದುಕೊಂಡಳು. ಮಧ್ಯಾಹ್ನ ಅದು ತೆಗೆದದ್ದರಲ್ಲಿ ನಾಲ್ಕನ್ನು ವಾಪಸ್ ಹಾಕಿದೆ. ಪುಟದಲ್ಲಿ ಜಾಗ ಉಳಿದಿತ್ತು, ಅದಕ್ಕೆ.

ಏಪ್ರಿಲ್ 3, ಗುರುವಾರ

ಪುರಸಭೆ ಚುನಾವಣೆ. ವಾರ್ಡಿನಲ್ಲಿರುವವರ ಓಟು ಮುಂಚೆಯೇ ತೆಗೆದುಕೊಳ್ಳುತ್ತಾರೆ. ಇಬ್ಬರು ಪೆಟ್ಟಿಗೆ, ರಟ್ಟಿನ ಮರೆ, ಪೆನ್ಸಿಲ್ ಹಿಡಿದುಕೊಂಡು ಮಂಚದಿಂದ ಮಂಚಕ್ಕೆ ಬಂದರು. ಅಭ್ಯರ್ಥಿಯ ನಂಬರನ್ನು ಕಾಗದದ ವೃತ್ತದೊಳಗೆ ಬರೆಯಬೇಕು.

ತೌನೊನ ಮಂಚದ ಹತ್ತಿರ ಬಂದಾಗ, “ಅವನಿಗೆ ಆಗಲ್ಲ” ಎಂದೆ.

“ಅವರನ್ನೇ ಕೇಳ್ತೀನಿ. ನೀವು ಹೊರಗಿರಿ,” ಎಂದಳು ಚುನಾವಣೆಯವಳು. ನಿವೃತ್ತ ಟೀಚರು, ಧ್ವನಿಯಲ್ಲೇ ಗೊತ್ತಾಗುತ್ತಿತ್ತು.

ಕಾರಿಡಾರಿನಲ್ಲಿ ನಿಂತೆ. ಬಹಳ ಹೊತ್ತಾಯಿತು. ಗೋಡೆಯ ಮೇಲಿನ ಅಗ್ನಿಶಾಮಕದ ಸೂಚನೆ ಎರಡು ಸಲ ಓದಿದೆ. ಟೀಚರು ಬಂದಳು.

“ಆಯ್ತು. ಮೊದಲನೇ ಕಾಗದ ಕೆಡ್ತು ಅಂತ ಕೈ ಆಡಿಸಿ ಇನ್ನೊಂದು ತಗೊಂಡ್ರು.”

“ಅವನಾಗೇ ಬರೆದ್ನಾ?”

“ಮತ್ತೆ ನಾನಾ? ನಾನು ಬರೆದ್ರೆ ನನ್ನ ಜೈಲಿಗೆ ಹಾಕ್ತಾರೆ. ಪಟ್ಟಿ ತೋರಿಸಿದೆ, ಬೆರಳಿಟ್ಟು ಹುಡುಕಿದ್ರು, ಬರೆದ್ರು. ಮಗ್ಗಿ ಬರೆಯೋ ಮಕ್ಕಳ ಹಾಗೆ ನಾಲಿಗೆ ಹೊರಗೆ ಹಾಕ್ಕೊಂಡು.”

ಒಳಗೆ ಹೋಗಿ ಯಾರಿಗೆ ಹಾಕಿದೆ ಎಂದು ಕೇಳಿದೆ.

“ಹೌದು,” ಎಂದ. ಬಾಯಿಯ ಎಡಗಡೆ ನಗುತ್ತಿತ್ತು.

ಮನೆಗೆ ಬಂದು ಕೂತೆ. ಅವನ ಬಾಯಲ್ಲಿ ಹೌದು ಬಿಟ್ಟರೆ ಏನಿಲ್ಲ, ಆದರೆ ಕೈಯಲ್ಲಿ ನಂಬರ್ ಇದೆ. ಇಷ್ಟು ದಿನ ಇತ್ತು. ನಾನು ಕೇಳಿದ್ದೆಲ್ಲ ಬಾಯಿಯನ್ನೇ.

ಪಾತ್ರೆ ಬಟ್ಟೆಯ ಕೆಳಗಿನ ಕಾಗದ ತೆಗೆದು ಮೇಜಿನ ಮೇಲಿಟ್ಟೆ.

ಏಪ್ರಿಲ್ 4, ಶುಕ್ರವಾರ

ಆಫೀಸಿನಲ್ಲಿ ತಿದ್ದುಪಡಿ ಅರ್ಜಿ ಬರೆದೆ. ಒಂಬತ್ತಕ್ಕೆ ಹಿಲ್ಕಾ ಫೋನು ಬಂದಾಗ ಓದಿ ಹೇಳಿದೆ.

“ಆ ‘ದಯವಿಟ್ಟು’ ತೆಗಿ. ಎಷ್ಟು ಸಲ ಇದೆ ಅದು?”

“ನಾಲ್ಕು.”

“ನಾಲ್ಕೂ ತೆಗಿ. ‘ನನಗೆ ಅನಿಸುತ್ತದೆ’ ಅದನ್ನೂ ತೆಗಿ. ಅನಿಸೋದಲ್ಲ, ಅದು ನಡೆದದ್ದು. ಎದುರಿಗೆ ಬಂದು ಕೂತು ಕೇಳ್ಬೇಕು, ಮಾತಿನ ಚಿಕಿತ್ಸೆಯವರು ಪಕ್ಕದಲ್ಲಿರ್ಬೇಕು, ಉತ್ತರ ಬರವಣಿಗೇಲಿ ಆಗ್ಬೇಕು. ಇಷ್ಟೇ ಬರಿ. ನೀನೂ ತಪ್ಪು ಮಾಡಿದೆ ಅಂತ ಬರೀಬೇಡ, ಅದನ್ನ ಅವರು ಕೇಳಿಲ್ಲ.”

ಹನ್ನೊಂದು ಸಾಲು ಉಳಿಯಿತು. ಕಳಿಸಿದೆ.

ಹಿಲ್ಕಾಳ ಇವತ್ತಿನ ನಾಲ್ಕೂ ಸಾಲು ಹಾಕಿದೆ, ಮಂಗಗಳ ಸಮೇತ. ಮಿಂತ್ತು ಮೇಜಿನ ಹತ್ತಿರ ಬಂದು, “ಪ್ರೋಗ್ರಾಂ ಇದನ್ನ ತೆಗೆದಿತ್ತಲ್ಲ? ನೀವೇ ಹಿಂದೆ ಇಂಥದ್ದನ್ನ ತೆಗೀತಿದ್ರಿ” ಎಂದಳು.

“ತೆಗೀತಿದ್ದೆ,” ಎಂದೆ. ಅವಳು ನಿಂತು ನೋಡಿದಳು, ಆಮೇಲೆ ಹೋದಳು.

ಏಪ್ರಿಲ್ 16, ಬುಧವಾರ

ಲೆಪ್ಪಾನೆನ್ ತಾವೇ ಬಂದರು. ಪರದೆಯಲ್ಲಿ ಕಂಡದ್ದಕ್ಕಿಂತ ಕುಳ್ಳಗೆ, ಕೈಯಲ್ಲಿ ಒದ್ದೆ ಕೊಡೆ. ಜೊತೆಗೆ ಮಾತಿನ ಚಿಕಿತ್ಸಕಿ ವಿಲ್ಮಾ. ಈ ವಾರ್ಡಿಗೆ ಅವಳು ತಿಂಗಳಿಗೊಮ್ಮೆ ಬರುತ್ತಾಳೆ.

“ಹೋದ ಸಲ ಅವರು ಸ್ಪಷ್ಟವಾಗಿ ಹೌದು ಅಂದಿದ್ರು,” ಎಂದರು ಲೆಪ್ಪಾನೆನ್. ಜೋರು ಮಾಡಲಿಲ್ಲ, ಸುಸ್ತಾದವರ ಹಾಗೆ ಹೇಳಿದರು.

“ತೌನೊ,” ಎಂದೆ, “ನೀನು ಬಿಷಪ್ಪಾ?”

“ಹೌದು.”

“ಗರ್ಭಿಣೀನಾ?”

“ಹೌದು,” ಎಂದ, ಮಂಚವೇ ಅಲುಗುವ ಹಾಗೆ ನಕ್ಕ. ಪಕ್ಕದ ಮಂಚದ ಮುದುಕನೂ ನಕ್ಕ. ಲೆಪ್ಪಾನೆನ್ ಪೆನ್ನು ಕೆಳಗಿಟ್ಟು ಹಣೆ ಉಜ್ಜಿಕೊಂಡರು. “ಸರಿ,” ಎಂದರು. “ಮೊದಲಿಂದ ಶುರು ಮಾಡೋಣ.”

ವಿಲ್ಮಾ ಮೂರು ರಟ್ಟು ಇಟ್ಟಳು. ಒಂದು, ಮನೆ: ನಮ್ಮ ಮನೆಯದೇ ಫೋಟೊ, ನಾನು ಕೊಟ್ಟದ್ದು. ಎರಡು, ಇದೇ ಊರಿನ ಇನ್ನೊಂದು ಆರೈಕೆ ಮನೆ. ಮೂರು, ರಾಂತಲ. ನಿಧಾನವಾಗಿ ವಿವರಿಸಿದಳು, ಕೈಗೆ ಪೆನ್ಸಿಲ್ ಕೊಟ್ಟಳು. ಅವನನ್ನು ಮನೆಗೆ ಕರೆತಂದರೆ ಬೇಕಾಗುವ ಮಂಚಕ್ಕೆ ನಾನು ಸೋಮವಾರವೇ ಜಾಗ ಅಳತೆ ಮಾಡಿ ನೋಡಿದ್ದೆ. ಸೋಫಾ ತೆಗೆದರೆ ಹಿಡಿಯುತ್ತದೆ.

ತೌನೊ 3 ಎಂದು ಬರೆದ.

ವಿಲ್ಮಾ ರಟ್ಟುಗಳನ್ನು ಕಲೆಸಿ, ನಂಬರ್ ಬದಲಿಸಿ ಮತ್ತೆ ಇಟ್ಟಳು. ಈಗ ರಾಂತಲ ಒಂದು. ಅವನು ಒಂದೊಂದನ್ನೂ ನೋಡಿ 1 ಎಂದು ಬರೆದ, ಕೆಳಗೆ ಗೆರೆ ಎಳೆದ.

“ನೂರ ಹತ್ತು ಕಿಲೋಮೀಟರ್!” ಎಂದೆ. “ತಲೆ ಕೆಟ್ಟಿದೆಯಾ ನಿಂಗೆ? ನಾನು ಸೋಫಾ ತೆಗೆಯೋಕೆ ಆಳು ಹೇಳಿದ್ದೀನಿ! ಅರ್ಜಿ ಬರೆದು, ಇವರನ್ನೆಲ್ಲ ಇಲ್ಲಿಗೆ ಕರೆಸಿ, ನೀನು ನೋಡಿದ್ರೆ ಅಲ್ಲಿಗೇ ಹೋಗ್ತೀನಿ ಅಂತೀಯಾ? ನನ್ನ ಮುಖ ನೋಡೋದು ಅಷ್ಟು ಬೇಜಾರಾ?”

ಅವನು ಕೈಯಿಂದ ಹಲಗೆ ಬಡಿದ. ನಾನು ಇನ್ನೂ ಏನೇನೋ ಹೇಳಿದೆ. ಅವನು ಮತ್ತೆ ಬಡಿದ. ಮೂವತ್ತಾರು ವರ್ಷ ಮನೆಯ ಮೇಜನ್ನು ಹೀಗೇ ಬಡಿದಿದ್ದಾನೆ. ನರ್ಸ್ ಬಂದು ಬಾಗಿಲು ಮುಚ್ಚಿಕೊಂಡು ಹೋದಳು, ಕೂಗಿದೆನಂತೆ.

ಆಮೇಲೆ ಅವನು ಎಡಗೈ ಎತ್ತಿ ತನ್ನ ಬಾಯಿ ತೋರಿಸಿದ. ಆಮೇಲೆ ವಿಲ್ಮಾಳನ್ನು ತೋರಿಸಿದ. ಆಮೇಲೆ ರಾಂತಲದ ರಟ್ಟು. ಮತ್ತೆ ಬಾಯಿ.

ವಿಲ್ಮಾ ಮೆಲ್ಲಗೆ ಹೇಳಿದಳು: “ವಾರಕ್ಕೆ ಮೂರು ದಿನ ನಾನು ಅಲ್ಲೇ ಇರ್ತೀನಿ. ಹೋದ ತಿಂಗಳು ಬಂದಾಗ ಅವರಿಗೆ ಹೇಳಿದ್ದೆ. ಮಾತು ವಾಪಸ್ ಬರ್ಬೇಕಾದ್ರೆ ತಿಂಗಳಿಗೊಂದು ಸಲ ಸಾಲಲ್ಲ ಅಂತ.”

“ಅದಕ್ಕಾ?” ಎಂದು ಅವನನ್ನು ಕೇಳಿದೆ.

ಅವನು ಹೌದು ಎನ್ನಲಿಲ್ಲ. ಕಾಗದ ಎಳೆದುಕೊಂಡು ಆ 1ರ ಕೆಳಗೆ ಇನ್ನೊಂದು ಗೆರೆ ಎಳೆದ.

ಲೆಪ್ಪಾನೆನ್ ಆದೇಶ ತಿದ್ದಲಿಲ್ಲ, ತಿದ್ದುವುದೇನೂ ಇರಲಿಲ್ಲ. ರಾಂತಲವೇ. ಆದರೆ ‘ಒಪ್ಪಿಗೆ ಇದೆ’ ಎಂಬುದನ್ನು ಹೊಡೆದು ಹಾಕಿ, ‘ರೋಗಿ ತಾನೇ ಆರಿಸಿದ್ದಾರೆ, ಕಾರಣವನ್ನೂ ತಿಳಿಸಿದ್ದಾರೆ’ ಎಂದು ಕೈಯಿಂದ ಬರೆದರು. ನಾನು ಓದಿ ನೋಡಿದೆ. ಸಂಬಂಧಿಕರ ಅಭಿಪ್ರಾಯ ಏನೆಂದು ಬರೆಯಲಿ ಎಂದು ಕೇಳಿದರು.

“ವಿರೋಧ ಇದೆ ಅಂತ ಬರೀರಿ,” ಎಂದೆ. ಬರೆದರು.

ಏಪ್ರಿಲ್ 17, ಗುರುವಾರ

ವಾರ್ಡಿಗೆ ಹೋಗಲಿಲ್ಲ. ಹೋಗುವ ಮನಸ್ಸಿರಲಿಲ್ಲ. ಬಟಾಣಿ ಸೂಪು ಮಾಡಿ, ಎರಡು ಬಟ್ಟಲು ತಿಂದು, ಪಾತ್ರೆಗಳನ್ನು ಸದ್ದು ಮಾಡಿ ತೊಳೆದೆ.

ಮೇ 2, ಶುಕ್ರವಾರ

ತೌನೊನನ್ನು ರಾಂತಲಕ್ಕೆ ಕರೆದೊಯ್ದರು. ನಾನೂ ವ್ಯಾನಿನಲ್ಲಿ ಹೋದೆ. ಡ್ರೈವರ್ ತಿರುವುಗಳಲ್ಲಿ ಬ್ರೇಕು ಒತ್ತುವ ರೀತಿ ತೌನೊಗೆ ಸರಿಬರಲಿಲ್ಲ, ಮುಖ ನೋಡಿದರೆ ಗೊತ್ತಾಗುತ್ತಿತ್ತು. ಅಲ್ಲಿ ಅವನ ಕೋಣೆಯ ಕಿಟಕಿಯಿಂದ ಸಮುದ್ರ ಕಾಣುವುದಿಲ್ಲ, ಕಾರ್ ನಿಲ್ಲಿಸುವ ಜಾಗ ಕಾಣುತ್ತದೆ. ಅವನಿಗೆ ಅದೇ ಇಷ್ಟ.

ಮನೆಯಲ್ಲಿ ಸೋಫಾ ಇದ್ದಲ್ಲೇ ಇದೆ. ಅದರ ಮೇಲೆ ಮಲಗಿ ಅತ್ತೆ. ನೆಗಡಿಯಾಗಿರಬೇಕು.

ಮೇ 17, ಶನಿವಾರ

ಬಸ್ಸಿನಲ್ಲಿ ರಾಂತಲಕ್ಕೆ ಹೋಗಿ ಬಂದೆ. ಒಂದು ಗಂಟೆ ಐವತ್ತು ನಿಮಿಷ. ಜೂನ್‌ನಿಂದ ಶನಿವಾರ ಸಂಜೆಯ ಬಸ್ಸು ನಿಲ್ಲಿಸುತ್ತಾರಂತೆ, ನಿಲ್ದಾಣದಲ್ಲಿ ಚೀಟಿ ಹಚ್ಚಿದ್ದರು. ಹೋದ ವಾರವೇ ನೋಡಿದ್ದೆ.

ತೌನೊ ಕುರ್ಚಿಯಲ್ಲಿ ಕೂತಿದ್ದ, ಅಂಗಿಯ ಗುಂಡಿ ತಾನೇ ಹಾಕಿಕೊಂಡಿದ್ದ, ಒಂದು ತಪ್ಪಾಗಿತ್ತು. ವಿಲ್ಮಾ ನನ್ನನ್ನು ಬಾಗಿಲಲ್ಲೇ ತಡೆದು, “ಎರಡನೇ ಮಾತು ಬಂದಿದೆ, ಆದ್ರೆ ನಾನು ಕಲಿಸಿದ್ದಲ್ಲ, ದಯವಿಟ್ಟು ಬೇಜಾರು ಮಾಡ್ಕೋಬೇಡಿ” ಎಂದಳು. ಏನೆಂದು ಹೇಳಲಿಲ್ಲ.

ಕಾಫಿ ತಂದುಕೊಟ್ಟರು. ನಾನು ಪುಟ ಬಿಚ್ಚಿ ಓದಿದೆ. ಕರೆಂಟಿನ ದರಕ್ಕೆ ಹೌದು ಎಂದ, ಅದು ನಿಜವಾದ ಹೌದು, ಈಗ ಗೊತ್ತಾಗುತ್ತದೆ. ಹೊಸ ಪುರಸಭೆಯ ಬಗ್ಗೆ ಹಿಲ್ಕಾ ಬರೆದದ್ದಕ್ಕೆ ಹೊಟ್ಟೆ ಹಿಡಿದು ನಕ್ಕ. ನಾಲ್ಕನೆಯದು:

“‘ರಾಂತಲಕ್ಕೆ ಹೋಗೋ ಶನಿವಾರದ ಸಂಜೆ ಬಸ್ಸು ನಿಲ್ಲಿಸ್ತಾರಂತೆ. ನಿಲ್ಲಿಸೋರನ್ನ ನೂರ ಹತ್ತು ಕಿಲೋಮೀಟರು ನಡೆಸ್ಬೇಕು. ಡ್ರೈವರುಗಳಿಗೆ ಶನಿವಾರ ಸಂಜೆ ಅಂಥ ಘನಂದಾರಿ ಕೆಲಸ ಏನಿರುತ್ತೆ?’”

ತೌನೊನ ಮುಖ ಕೆಂಪಾಯಿತು. ಬಾಯಿ ಎಡಕ್ಕೆ ಎಳೆಯಿತು. ಕುತ್ತಿಗೆಯ ನರ ಬಿಗಿಯಿತು.

“ಕ... ಕತ್ತೆ!” ಎಂದ.

“ಯಾರು?”

ಬೆರಳಿಂದ ಆ ನಾಲ್ಕು ಸಾಲು ಕುಟ್ಟಿದ. “ಕತ್ತೆ. ಕತ್ತೆ!”

“ಯಾಕೆ ಕತ್ತೆ? ಸರಿಯಾಗೇ ಬರೆದಿದ್ದಾರೆ. ವಾರವಿಡೀ ಕೆಲಸ ಮಾಡೋರು ಮತ್ತೆ ಯಾವಾಗ ಬಂದು ನೋಡ್ಬೇಕು?”

ಅವನು ತನ್ನ ಎದೆ ತಟ್ಟಿಕೊಂಡ, ಸ್ಟೇರಿಂಗ್ ತಿರುಗಿಸುವ ಹಾಗೆ ಕೈ ತಿರುಗಿಸಿದ, ಗೋಡೆಯ ಕ್ಯಾಲೆಂಡರಿನಲ್ಲಿ ಶನಿವಾರಗಳನ್ನು ಒಂದೊಂದಾಗಿ ತೋರಿಸಿದ. ಮೂವತ್ತೊಂದು ವರ್ಷದ ಶನಿವಾರಗಳು.

“ಅದು ಬೇರೆ ಮಾತು,” ಎಂದೆ. “ಆಗ ಪಾಳಿ ಸರಿಯಾಗಿ ಹಂಚ್ತಿರಲಿಲ್ಲ, ಅದಕ್ಕೆ ಬಸ್ಸು ಏನು ಮಾಡುತ್ತೆ?”

“ಹೌದು! ಕತ್ತೆ!”

ಅರ್ಧ ಗಂಟೆ ಹೀಗೇ ಆಯಿತು. ಕಾಫಿ ಲೋಟ ತೆಗೆಯಲು ಬಂದ ಹೆಂಗಸು ಬಾಗಿಲಲ್ಲೇ ನಿಂತು, ಮತ್ತೆ ಬರ್ತೀನಿ ಎಂದು ಹೋದಳು. ಗುಂಡಿ ಸರಿ ಮಾಡಿ ಹಾಕಿ ಹೊರಟೆ. ಆ ನಾಲ್ಕು ಸಾಲು ಬರೆದದ್ದು ನಾನೇ ಎಂದು ಅವನಿಗೆ ಹೇಳಲಿಲ್ಲ.

ಬಸ್ಸಿನಲ್ಲಿ ಕೂತ ಮೇಲೂ ಉತ್ತರ ಹೊಳೆಯುತ್ತಲೇ ಇತ್ತು. ಎರಡು ನಿಲ್ದಾಣ ದಾಟಿದಾಗ ಮುಂದಿನ ಸೀಟಿನವನು ತಿರುಗಿ ನೋಡಿದ. ಬಾಯಿ ಬಿಟ್ಟು ಹೇಳುತ್ತಿದ್ದೆನೆಂದು ಆಗ ಗೊತ್ತಾಯಿತು.